ಒಂದೇ ಎಳೆಯ ಶಾವಿಗೆ

ಕಥೆಗಳ ವಿಷಯದಲ್ಲಿ ನನ್ನ ಅಭಿರುಚಿ ಬಹಳ ಕೆಳಮಟ್ಟದ್ದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೇರೆಯವರು ಕಥೆಯಲ್ಲಿ ನೀತಿ ಹುಡುಕುತ್ತಾರೆ, ಪಾತ್ರಗಳ ಮನಸ್ಸು ಹುಡುಕುತ್ತಾರೆ. ನಾನು ಊಟ ಹುಡುಕುತ್ತೇನೆ. ರಾಜಕುಮಾರ ಸಮುದ್ರಗಳನ್ನೆಲ್ಲ ದಾಟಿ ಹೋಗಿ ರಾಜಕುಮಾರಿಯನ್ನು ಮದುವೆಯಾದ ಎಂದರೆ, ಮದುವೆಯಲ್ಲಿ ಏನು ಅಡುಗೆ ಎಂಬುದೇ ನನ್ನ ಪ್ರಶ್ನೆ. ಹೇಳುವವರಿಗೆ ಅದು ಗೊತ್ತಿಲ್ಲದಿದ್ದರೆ ಆ ಕಥೆಯ ಮೇಲೆ ನನಗೆ ನಂಬಿಕೆಯೇ ಹೊರಟುಹೋಗುತ್ತದೆ. ಕಾದಂಬರಿ ಓದುವಾಗಲೂ ಅಷ್ಟೆ. ನಾಯಕಿ ಅತ್ತೂ ಅತ್ತೂ ಕೊನೆಗೆ ಒಂದು ತುತ್ತು ಅನ್ನ ಬಾಯಿಗಿಟ್ಟಳು ಎಂದು ಬಂದರೆ, ಅವಳು ಅತ್ತದ್ದು ಯಾಕೆಂಬುದು ಮರೆತುಹೋಗಿ, ಅನ್ನಕ್ಕೆ ಸಾರು ಯಾವುದಿತ್ತು ಎಂಬ ಯೋಚನೆಯೊಂದೇ ಉಳಿಯುತ್ತದೆ. ನನ್ನ ಹೆಂಡತಿ ಶೈಲಾ ಇದನ್ನು ಸಾಹಿತ್ಯಾಸಕ್ತಿ ಎಂದು ಕರೆಯುವುದಿಲ್ಲ. ಅವಳು ಕರೆಯುವ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಈ ಚಟ ಹತ್ತಿಸಿದವರು ನನ್ನ ಸೋದರತ್ತೆ, ಅರಕಲಗೂಡಿನ ಪುಟ್ಟಮ್ಮತ್ತೆ. ಬೇಸಿಗೆ ರಜೆಗೆ ಅವರ ಮನೆಗೆ ಹೋದರೆ, ಮಲಗುವ ಹೊತ್ತಿಗೆ ಒಂದು ಹುಲಿಯ ಕಥೆ ಹೇಳುತ್ತಿದ್ದರು. ಒಂದೂರಲ್ಲಿ ಒಬ್ಬ ಮುದುಕಿ. ಒಂದು ದಿನ ಹುಲಿ ಬಂದು ಬಾಗಿಲಲ್ಲಿ ನಿಂತು, ನಿನ್ನನ್ನು ತಿನ್ನುತ್ತೇನೆ ಎಂದಿತು. ಮುದುಕಿ ಹೆದರಲಿಲ್ಲ. "ತಿನ್ನಪ್ಪ, ಯಾರು ಬ್ಯಾಡ ಅಂದೋರು? ಮನೆಗೆ ಬಂದೋನು ಮೊದಲು ಊಟ ಮಾಡು, ಆಮ್ಯಾಕೆ ನನ್ನ ತಿನ್ನು. ಆದ್ರೆ ಬಡಿಸಿದ್ದು ಮುಗಿಸದೆ ಎದ್ದೇಳಂಗಿಲ್ಲ" ಎಂದಳು. ಮೊದಲು ಮುದ್ದೆ ಬಡಿಸಿದಳು. ಹುಲಿ ನಮ್ಮ ಸೀಮೆಯದ್ದಲ್ಲ, ಮುದ್ದೆಯನ್ನು ನುಂಗಬೇಕೆಂದು ಅದಕ್ಕೆ ಗೊತ್ತಿಲ್ಲ. ಪಾಪ, ಅಗಿಯಿತು. ಹಲ್ಲಿಗೆಲ್ಲ ಮೆತ್ತಿಕೊಂಡಿತು. ಬಸ್ಸಾರಿನ ಖಾರಕ್ಕೆ ಕಣ್ಣುಮೂಗಲ್ಲಿ ನೀರು ಸುರಿಯಿತು. ಕೊನೆಗೆ ಮುದುಕಿ ಗಂಗಾಳದ ತುಂಬ ಶಾವಿಗೆ ಒತ್ತಿ, ಮೇಲೆ ಕಾಯಿಹಾಲು ಸುರಿದು, "ಇದು ಒಂದೇ ಎಳೆ ಶಾವಿಗೆ ಕಣಪ್ಪ. ತುದಿ ಹುಡುಕಿ ಅಲ್ಲಿಂದ ಉಣ್ಣು. ಮಧ್ಯಕ್ಕೆ ಬಾಯಿ ಹಾಕಿದರೆ ಮರ್ವಾದೆ ಅಲ್ಲ" ಎಂದಳು. ಹುಲಿ ತುದಿ ಹುಡುಕತೊಡಗಿತು. ಸರಿಯಾಗಿ ಇಲ್ಲಿಗೆ ನನಗೆ ನಿದ್ದೆ ಬಂದುಬಿಡುತ್ತಿತ್ತು. ಎಷ್ಟು ರಜೆ ಕೇಳಿದರೂ ನನ್ನ ಹುಲಿ ಇನ್ನೂ ತುದಿ ಹುಡುಕುತ್ತಲೇ ಇದೆ. ಅದರಾಚೆಗೆ ಏನಾಯಿತೆಂದು ನಾನು ಕೇಳಿದವನಲ್ಲ, ಏಕೆಂದರೆ ಊಟದ ವಿವರ ಅಷ್ಟರಲ್ಲಿ ಮುಗಿದಿರುತ್ತಿತ್ತು.

ಈ ಪುಟ್ಟಮ್ಮತ್ತೆ ಈಚೆಗೆ ಹಲ್ಲಿನ ಸಲುವಾಗಿ ಹಾಸನಕ್ಕೆ ನಮ್ಮ ಮನೆಗೆ ಬಂದರು. ಡಾಕ್ಟರು ಅಳಿದುಳಿದ ಹಲ್ಲುಗಳನ್ನೆಲ್ಲ ಕಿತ್ತು, ವಸಡು ಗಟ್ಟಿಯಾದ ಮೇಲೆ ಸೆಟ್ಟು ಕೂರಿಸೋಣ ಎಂದರು. ಅವತ್ತು ಬಾಯಿಗೆ ಅಡ್ಡ ಹಿಡಿದ ಸೆರಗನ್ನು ಅತ್ತೆ ಮತ್ತೆ ಕೆಳಗಿಳಿಸಲಿಲ್ಲ. ಮಾತಿಗೆ ಬದಲು ಹೂಂ, ಉಹೂಂ. ಊಟಕ್ಕೆ ಬದಲು ಗಂಜಿ, ಅದೂ ರೂಮಿನ ಬಾಗಿಲು ಮುಂದೆ ಮಾಡಿಕೊಂಡು, ಗೋಡೆಯ ಕಡೆ ತಿರುಗಿ. ಇನ್ನು ಮೆತ್ತಗಿನದ್ದೆಲ್ಲ ತಿನ್ನಬಹುದು ಎಂದು ಡಾಕ್ಟರು ಹೇಳಿದ ಮೇಲೂ ಅಷ್ಟೆ. ಶೈಲಾ ತಟ್ಟೆ ಹಾಕಿ ಕರೆದರೆ ಸೆರಗಿನೊಳಗಿಂದ, "ಬ್ಯಾಡ ಕಣಮ್ಮ. ಈ ಬೊಚ್ಚುಬಾಯಿ ಮಡಿಕೊಂಡು ನಾಕು ಜನದ ಎದ್ರಿಗೆ ಉಣ್ಣಾಕೆ ನಾಚ್ಕೆ ಆಯ್ತದೆ" ಎಂದರು. ದಿನದಿನಕ್ಕೆ ಸೊರಗುತ್ತಿದ್ದರು. ಒಂದು ಕಾಲಕ್ಕೆ ಹುಲಿಯ ಹಾಗೆ ಗರ್ಜಿಸಿ ನಮ್ಮನ್ನೆಲ್ಲ ಕಂಬಳಿಯೊಳಗೆ ನುಗ್ಗಿಸಿದ್ದ ಬಾಯಿ ಅದು. ಅದು ಸೆರಗಿನ ಹಿಂದೆ ಅಡಗಿ ಕೂತದ್ದು ನೋಡಿ ನನಗೆ ನಿಜವಾಗಿ ಸಂಕಟವಾಯಿತು.

ಸಂಕಟವಾದಾಗ ಬೇರೆಯವರು ದೇವರ ಕಡೆ ನೋಡುತ್ತಾರೆ, ನಾನು ಅಡುಗೆಮನೆಯ ಕಡೆ ನೋಡುತ್ತೇನೆ. ಹಾಗೆ ನೋಡುವಾಗಲೇ ಹೊಳೆಯಿತು. ಹುಲಿಯ ಊಟದಲ್ಲಿ ಹಲ್ಲು ಬೇಕಾದ ಪದಾರ್ಥ ಒಂದೂ ಇಲ್ಲ! ಮುದ್ದೆ ನುಂಗುವುದು, ಬಸ್ಸಾರು ಕಲೆಸುವುದು, ಶಾವಿಗೆ ಜಾರುವುದು. ಅತ್ತೆಯ ಕಥೆಯ ಊಟವನ್ನು ಅತ್ತೆಗೇ ಬಡಿಸಬೇಕು, ಕಥೆಯಲ್ಲಿದ್ದ ಹಾಗೇ, ಶಾವಿಗೆ ಒಂದೇ ಎಳೆ. ಅದನ್ನು ನೋಡಿದ ಮೇಲೂ ಅವರು ಸೆರಗು ತೆಗೆಯದಿದ್ದರೆ ನಾನು ಅವರ ಸೋದರಳಿಯನೇ ಅಲ್ಲ. ಹೀಗೆಂದು ಶಪಥ ಮಾಡಿ ಶೈಲಾಳಿಗೆ ಹೇಳಿದೆ: "ಭಾನುವಾರ ಅಡುಗೆ ನಂದು. ಏನೇ ಆದರೂ ನೀನು ಒಳಗೆ ಕಾಲಿಡಬಾರದು."

"ಇಡಲ್ಲ ರೀ" ಎಂದಳು. "ಆದ್ರೆ ಮನೇಲಂತೂ ಇರ್ತೀನಿ. ಫೈರ್ ಎಂಜಿನ್‌ನೋರಿಗೆ ಅಡ್ರೆಸ್ ಹೇಳೋಕೆ ಒಬ್ಬರು ಬೇಕಲ್ಲ."

ಶಾವಿಗೆ ಒರಳು ನಮ್ಮಲ್ಲಿ ಇರಲಿಲ್ಲ. ಅದಿದ್ದದ್ದು ಶೈಲಾಳ ತವರು ನುಗ್ಗೇಹಳ್ಳಿಯಲ್ಲಿ, ಅಟ್ಟದ ಮೇಲೆ. ಶನಿವಾರ ಹೋಗಿ ಇಳಿಸಿಕೊಂಡೆ. ಮೂರು ಕಾಲಿನ ಮರದ ಸ್ಟ್ಯಾಂಡು, ನಡುವೆ ಹಿಟ್ಟು ತುಂಬುವ ಹಿತ್ತಾಳೆ ಬಟ್ಟಲು, ಅದರ ತಳದಲ್ಲಿ ತೂತಿನ ಬಿಲ್ಲೆ, ಮೇಲಿಂದ ಒತ್ತಲು ಮೊಳಗಟ್ಟಲೆ ಉದ್ದದ ಹಿಡಿ. ನನ್ನ ಬಾವಮೈದ ಮಂಜ ಅದನ್ನು ಒರೆಸಿ ಕೊಡುತ್ತಾ, "ಬಾವ, ಒತ್ತಾಕೆ ಆಳು ಬೇಕಾಯ್ತದೆ ಕಣ್ರೀ. ನಮ್ಮನೇಲಿ ಇಬ್ಬರು ಜೋತುಬೀಳ್ತಿದ್ರು" ಎಂದ. ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿ, "ನಿಮಗೆ ಬ್ಯಾಡ ಬುಡಿ" ಎಂದೂ ಸೇರಿಸಿದ. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿದಾಗ ಒರಳಿಗೂ ನನಗೂ ಸೇರಿ ಒಂದು ಸೀಟು ಸಾಲದೆ, ಅದನ್ನು ತೊಡೆಯ ಮೇಲೆ ತಲೆಕೆಳಗಾಗಿ ಕೂರಿಸಿಕೊಂಡೆ. ಶಾಂತಿಗ್ರಾಮದಲ್ಲಿ ಹತ್ತಿದ ಒಬ್ಬ ಹೆಂಗಸು ಅದನ್ನು ಮುಟ್ಟಿ ನೋಡಿ, "ಮನೇಲಿ ಬೀಗ್ರೂಟವಾ ಸಾ?" ಎಂದರು. ಅಲ್ಲ, ಹುಲಿಯೂಟ ಎಂದೆ. ಆಮೇಲೆ ಆಕೆ ನನ್ನ ಕಡೆ ತಿರುಗಲಿಲ್ಲ.

ಭಾನುವಾರ ಬೆಳಿಗ್ಗೆ ಪಂಚೆ ಮೇಲೆತ್ತಿ ಕಟ್ಟಿ ಅಡುಗೆಮನೆಗೆ ನುಗ್ಗಿದೆ. ಮೊದಲು ಬಸ್ಸಾರು. ಸೊಪ್ಪು ಬಿಡಿಸಿ, ಅಲಸಂದೆಕಾಳಿನ ಜೊತೆ ಬೇಯಿಸಿದೆ. ನಾನು ಶಿಸ್ತಿನ ಮನುಷ್ಯ, ಬಸಿಯಬೇಕು ಎಂದರೆ ಬಸಿಯುವವನು. ಪಾತ್ರೆ ಬಗ್ಗಿಸಿ ಕಟ್ಟನ್ನೆಲ್ಲ ಸಿಂಕಿಗೆ ಸುರಿದು, ಕೊನೆಯ ಹನಿಯನ್ನೂ ಕೊಡವಿದೆ. ಕೊಡವುತ್ತಿದ್ದಾಗ ಜ್ಞಾನೋದಯವಾಯಿತು: ಬಸ್ಸಾರು ಮಾಡುವುದು ಆ ಬಸಿದ ಕಟ್ಟಿನಿಂದಲೇ. ಐವತ್ತು ದಾಟುವ ತನಕ ಅದನ್ನು ಸುರಿದು ಸುರಿದು ಉಂಡ ಹಾಸನದ ಗಂಡಸು, ಕೈಗೆ ಸಿಕ್ಕ ದಿನ ಅದನ್ನು ಮೋರಿಗೆ ಬಿಟ್ಟ. ಹೊರಗಿನಿಂದ ಶೈಲಾ, "ಏನ್ರೀ, ಒಳಗೆ ಸದ್ದೇ ಇಲ್ಲ?" ಎಂದಳು. "ಎಲ್ಲಾ ಸರಿಯಾಗಿದೆ" ಎಂದೆ. ಉಳಿದ ಕಾಳಿಗೆ ಮತ್ತೆ ನೀರಿಟ್ಟು ಮೊದಲಿನಿಂದ ಬೇಯಿಸಿದೆ. ಸೋಲುವವನಲ್ಲ ನಾನು. ಮುದ್ದೆಯಲ್ಲಿ ಗಂಟು ಬಂತು, ಗಂಟುಗಳನ್ನು ಕೋಲಿನಿಂದ ಅಟ್ಟಿಸಿಕೊಂಡು ಹೋಗಿ ಒಂದೊಂದಾಗಿ ಒಡೆದೆ. ಕಾಯಿ ತುರಿಯುವಾಗ ಬೆರಳು ತುರಿದುಕೊಂಡೆ. ಬೆಲ್ಲ, ಏಲಕ್ಕಿ ಹಾಕಿ ಕಾಯಿಹಾಲು ಮಾಡಿ ರುಚಿ ನೋಡಿದಾಗ ಮಾತ್ರ, ನನ್ನಲ್ಲಿ ಏನೋ ಇದೆ ಎಂಬ ಗೌರವ ನನಗೇ ಬಂತು.

ಇನ್ನು ಶಾವಿಗೆ. ಬಿಲ್ಲೆಯ ತುಂಬ ತೂತು, ಒತ್ತಿದರೆ ಜಡೆಜಡೆಯಾಗಿ ಎಳೆಗಳು ಬೀಳುತ್ತವೆ. ಕಥೆಯ ಮುದುಕಿ ಒಂದೇ ಎಳೆ ಹೇಗೆ ಒತ್ತಿದಳು? ವಾರವಿಡೀ ಕಚೇರಿಯಲ್ಲಿ ಕಡತ ಮುಂದಿಟ್ಟುಕೊಂಡು ನಾನು ಯೋಚಿಸಿದ್ದು ಇದನ್ನೇ. ಉತ್ತರವೂ ಸಿಕ್ಕಿತ್ತು. ಹಳೇ ಬಿಸ್ಕತ್ತು ಡಬ್ಬದ ಮುಚ್ಚಳವನ್ನು ದುಂಡಗೆ ಕತ್ತರಿಸಿ, ತೊಳೆದು, ನಡುವೆ ಮೊಳೆಯಿಂದ ಒಂದು ತೂತು ಹೊಡೆದು, ಬಿಲ್ಲೆಯ ಮೇಲೆ ಕೂರಿಸಿದೆ. ಅಕ್ಕಿಹಿಟ್ಟನ್ನು ಕುದಿನೀರಲ್ಲಿ ತೊಳಸಿ ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿ, ಬಿಸಿಬಿಸಿ ಉಂಡೆಯನ್ನು ಬಟ್ಟಲಿಗೆ ತುಂಬಿ ಹಿಡಿ ಒತ್ತಿದೆ. ಏನೂ ಬರಲಿಲ್ಲ. ಎರಡೂ ಕೈಯಿಂದ ಒತ್ತಿದೆ. ಮರ ಕಿರ್ ಎಂದಿತು, ಹಿಟ್ಟು ಸುಮ್ಮನಿತ್ತು. ಹಿಟ್ಟು ಆರಿದರೆ ಕಲ್ಲಾಗುತ್ತದೆ, ತಡಮಾಡುವ ಹಾಗಿಲ್ಲ. ಮಂಜ ನೋಡಿದ್ದ ನೋಟ ನೆನೆದು, ಹಿಡಿಯ ಮೇಲೆ ಹೊಟ್ಟೆ ಊರಿ, ಎರಡು ಕಾಲನ್ನೂ ನೆಲದಿಂದ ಎತ್ತಿಬಿಟ್ಟೆ.

ಬಂತು! ಬಿಲ್ಲೆಯ ನಡುವಿನಿಂದ ಒಂದೇ ಒಂದು ಬಿಳೀ ಎಳೆ ನಾಜೂಕಾಗಿ ಇಳಿದು, ಕೆಳಗಿನ ತಟ್ಟೆಯಲ್ಲಿ ಸುರುಳಿ ಸುತ್ತತೊಡಗಿತು. "ಶೈಲಾ! ಅತ್ತೆ! ಬನ್ನಿ, ಬೇಗ ಬನ್ನಿ!" ಎಂದು ಗಾಳಿಯಲ್ಲಿ ತೇಲುತ್ತಲೇ ಕೂಗಿದೆ. ಇಬ್ಬರೂ ಬಾಗಿಲಿಗೆ ಬರುವುದಕ್ಕೂ, ಒಳಗೆ ತಗಡು ಟಣ್ ಎಂದು ಮಡಚಿಕೊಳ್ಳುವುದಕ್ಕೂ ಸರಿಹೋಯಿತು. ಹಿಡಿ ಒಂದೇಸಲ ಕೆಳಗೆ ಕುಸಿಯಿತು. ಹಿಟ್ಟು ಬಟ್ಟಲಿನ ಅಂಚಿನಿಂದ ಮೇಲಕ್ಕೆ ಉಕ್ಕಿ ನನ್ನ ಗಲ್ಲಕ್ಕೆ, ಮೂಗಿಗೆ, ಮೀಸೆಗೆ ಮೆತ್ತಿಕೊಂಡಿತು. ಒರಳು ಒಂದು ಕಡೆ ಉರುಳಿತು, ನಾನು ಇನ್ನೊಂದು ಕಡೆ ಕೂತೆ.

ಆಗ ಒಂದು ಸದ್ದು ಕೇಳಿಸಿತು. ಹಿಹ್ಹಿ ಎಂದು ಶುರುವಾಗಿ, ಗಾಳಿ ಸೇರಿ, ಹಹ್ಹಹ್ಹಾ ಎಂದು ಬೆಳೆದು ಅಡುಗೆಮನೆಯನ್ನೆಲ್ಲ ತುಂಬಿತು. ಪುಟ್ಟಮ್ಮತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಗುತ್ತಿದ್ದರು. ಸೆರಗು ಹೆಗಲ ಮೇಲೆ ಎಲ್ಲೋ ಇತ್ತು. ಬಾಯಿ ಪೂರಾ ತೆರೆದಿತ್ತು, ಒಳಗೆ ಒಂದು ಹಲ್ಲೂ ಇರಲಿಲ್ಲ, ಅಷ್ಟು ಚೆನ್ನಾಗಿ ಯಾರಾದರೂ ನಕ್ಕದ್ದನ್ನು ನಾನು ಕಂಡೇ ಇರಲಿಲ್ಲ. "ಅಯ್ಯೋ ನಿನ್ ಮನೆ ಕಾಯೋಗ! ಮೀಸೆಗೆಲ್ಲ ಇಟ್ಟು ಬಳ್ಕೊಂಡು ಕುಂತವ್ನೆ ನೋಡಮ್ಮ ಸೈಲಾ! ಏನ್ಲಾ ರಾಜು, ಬಿಲ್ಲೆ ಮ್ಯಾಲೆ ತಗಡು ಯಾಕ್ಲಾ ಮಡಗಿದ್ದೆ?"

ಒಂದೇ ಎಳೆ ಬರಲಿ ಎಂದು, ಎಂದೆ. ಕಥೆಯಲ್ಲಿದ್ದ ಹಾಗೆ.

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಬಂದರು. ತಗಡನ್ನು ಕಿತ್ತು ಎಸೆದರು. ಮಿಕ್ಕ ಉಂಡೆಗಳನ್ನು ಮತ್ತೆ ಹಬೆಗಿಟ್ಟರು. ನನ್ನನ್ನು ಹಿಡಿಗೆ ಜೋತುಬೀಳಿಸಿದರು, ಶೈಲಾಳ ಕೈಗೆ ಒರಳಿನ ಕಾಲು ಕೊಟ್ಟರು, ತಾವು ಕೆಳಗೆ ಕೂತು ತಟ್ಟೆ ತಿರುಗಿಸುತ್ತಾ "ಒತ್ಲಾ, ಉಣ್ಣೋವಾಗ ಇರೋ ಸಗತಿ ಈಗೆಲ್ಲಿ ಓಯ್ತು?" ಎಂದು ಗದರಿದರು. ಶಾವಿಗೆ ಜಡೆಜಡೆಯಾಗಿ ಇಳಿಯಿತು. ಆಮೇಲೆ ಮೂವರೂ ಒಟ್ಟಿಗೆ ಕೂತೆವು. ಅತ್ತೆ ಗೋಡೆಯ ಕಡೆ ತಿರುಗಲಿಲ್ಲ. ಗಂಟು ಕಡಿಮೆಯಿದ್ದ ಮುದ್ದೆಯನ್ನು ಹುಡುಕಿ ಅವರ ತಟ್ಟೆಗೆ ಬಡಿಸಿದೆ.

ಶಾವಿಗೆಯ ಸರದಿ ಬಂದಾಗ, ತಡೆಯಲಾರದೆ ಕೇಳಿದೆ: "ಅಲ್ಲಾ ಅತ್ತೆ, ಹಾಗಾದ್ರೆ ಆ ಮುದುಕಿ ಒಂದೇ ಎಳೆ ಹೆಂಗೆ ಒತ್ತಿದ್ಲು?"

"ಯಾವನ್ಲಾ ಒಂದೇ ಎಳೆ ಅಂದೋನು?"

"ನೀವೇ ಹೇಳ್ತಿದ್ರಲ್ಲ!"

"ನಾನೆಲ್ಲಿ ಅಂದೆ? ಮುದುಕಿ ಉಲಿಗೆ ಅಂಗಂದ್ಲು ಅಂದೆ. ಅದು ಎಲ್ಲರ ಮನೇಲೂ ಒತ್ತೋ ಸಾವಿಗೆನೇ ಕಣ್ಲಾ. ಆ ಪೆದ್ದುಮುಂಡೇದು ನಂಬ್ಕೊಂಡು ಬೆಳಗಾಗೋಗಂಟ ತುದಿ ಉಡುಕ್ತು. ಬೆಳಗಾಯ್ತು, ಜನ ಎದ್ರು, ಉಲಿ ಓಡೋಯ್ತು. ನೀನು ನಿದ್ದೆಗಣ್ಣಲ್ಲಿ ಅರ್ಧ ಕೇಳ್ಕೊಂಡು, ಇಷ್ಟು ವರ್ಸ ಆದ್ಮೇಲೆ ತಗಡಿಗೆ ಮೊಳೆ ಒಡ್ದಿದ್ದೀಯ!"

ಶೈಲಾ ನಗು ತಡೆಯಲು ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಈಗ ನಮ್ಮ ಮನೆಯಲ್ಲಿ ಬಾಯಿಗೆ ಹೋಗಿದ್ದ ಸೆರಗು ಅವಳದ್ದೊಂದೇ.

ನಾನು ತಟ್ಟೆಯ ಕಡೆ ನೋಡುತ್ತಾ ಯೋಚನೆಗೆ ಬಿದ್ದೆ. ಮುದುಕಿಯ ಊಟವನ್ನು ಮುದುಕಿಯ ಹಾಗೆ ಅಟ್ಟು ಬಡಿಸುತ್ತೇನೆಂದು ಹೊರಟವನು, ವಾರವಿಡೀ ಇದ್ದದ್ದು ಬೇರೆಯವರ ಪಾತ್ರದಲ್ಲಿ. ಮೀಸೆಯಲ್ಲಿ ಹಿಟ್ಟು ಇನ್ನೂ ಒಣಗುತ್ತಿತ್ತು. ಕಾಯಿಹಾಲಿನಲ್ಲಿ ಬೆರಳಾಡಿಸುತ್ತಾ, ಸುಮ್ಮನೆ, ನಿಜವಾಗಿ ಸುಮ್ಮನೆ, ಒಂದು ಎಳೆಯನ್ನು ಹಿಡಿದು ಅದರ ತುದಿ ಎಲ್ಲಿದೆಯೆಂದು ನೋಡಿದೆ.

"ಆ ಹೊತ್ತಲ್ಲೆಲ್ಲಾ ಮುದುಕಿ ಏನು ಮಾಡ್ತಿದ್ಲು ಅತ್ತೆ?" ಎಂದು ಕೇಳಿದೆ.

"ಏನು ಮಾಡ್ತಾಳೆ? ಬೆಳಗಿಂದ ಅಡುಗೆ ಮಾಡಿ ಅಸ್ದಿರಾಕಿಲ್ವಾ? ಉಂಡ್ಲು."

ತಲೆಯೆತ್ತಿ ನೋಡಿದೆ. ಶಾವಿಗೆ ಪಾತ್ರೆಯಲ್ಲಿ ಸೌಟು ಮಾತ್ರ ಇತ್ತು. ಅತ್ತೆ ಕಾಯಿಹಾಲಿನ ಬಟ್ಟಲನ್ನು ಬಾಯಿಗೆ ಬಗ್ಗಿಸಿಕೊಳ್ಳುತ್ತಿದ್ದರು.