ಸಾಹೇಬರು ಬರುವ ಮೊದಲು ಬೆಂಗೇರಿ ಬೀದಿ

ರಸ್ತೆಯ ನಕ್ಷೆ ಬರೆಯುವುದು ನನ್ನ ಕೆಲಸ. ನಕ್ಷೆಯಲ್ಲಿ ಮಂದಿ ನಾನು ಹೇಳಿದಲ್ಲೇ ನಡೆಯುತ್ತಾರೆ. ಬೀದಿಗಿಳಿದರೆ ನನಗೇ ಹೇಳಲು ಶುರು ಮಾಡುತ್ತಾರೆ.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಒಂದು ಬೀದಿ ಮಾಡಿದ್ದೆವು: ಅಗಲ ಫುಟ್‌ಪಾತ್, ದಾಟಲು ಬಿಳಿ ಪಟ್ಟೆ, ಒಂದು ಬದಿಗೆ ಕೆಂಪು ಬಣ್ಣದ ಸೈಕಲ್ ದಾರಿ. ಎರಡೂ ಬದಿ ಬೇಕೆಂದು ವರ್ಷಗಟ್ಟಲೆ ಕಾಡಿದ್ದೆ, ನಮ್ಮ ಪಾಲಿಕೆಯ ಸಾಹೇಬರು ಒಂದೇ ಕೊಟ್ಟಿದ್ದರು. ಅದಕ್ಕೂ ಅವರಿಗೆ ಮನಸ್ಸಿರಲಿಲ್ಲ. "ಸೋಮವಾರ ಬಂದು ನೋಡ್ತೇನಿ. ಮಂದಿ ಬಳಸಲಿಲ್ಲಂದ್ರ ಎಲ್ಲಾ ಕಿತ್ತು ಗಾಡಿಗಳಿಗೆ ಬಿಡೂಣು" ಎಂದರು. ಮರುದಿನದಿಂದ ಬೀದಿಯಲ್ಲೇ ಠಿಕಾಣಿ ಹೂಡಿದೆ.

೧. ಕಾಕಾನ ಕಟ್ಟೆ

ಚಹಾದಂಗಡಿ ಕಾಕಾ ಫುಟ್‌ಪಾತಿನ ತುಂಬ ಕುರ್ಚಿ ಹಾಕಿದ್ದ. ನನ್ನನ್ನು ಕಂಡೊಡನೆ ಕೈಮುಗಿದ.

"ನನ್ನ ಅಂಗಡಿಗೆ ಒಂದು ಛಲೋ ಕಟ್ಟಿ ಮಾಡಿ ಕೊಟ್ರಿ ಮೇಡಮ್ಮಾರ."

"ಕಾಕಾ, ಇದು ಮಂದಿ ನಡಿಯಾಕ ಮಾಡಿದ್ದು."

"ಅದಕ್ಕರೀ ಕುರ್ಚಿ ಹಾಕೇನಿ. ನಡದ್ ನಡದ್ ದಣದಿರ್ತಾರಲ್ರಿ."

ಎರಡು ಕುರ್ಚಿ ತೆಗೆಸುವಷ್ಟರಲ್ಲಿ ನನಗೇ ದಣಿವಾಗಿ ಮೂರನೆಯದರಲ್ಲಿ ಕೂತೆ. ಚಹಾ ಬಂತು.

೨. ಬಸ್ಸು ನಿಂತದ್ದು

ಬಿಳಿ ಪಟ್ಟೆಗೆ ಯಾವ ಗಾಡಿಯೂ ನಿಲ್ಲುತ್ತಿರಲಿಲ್ಲ. ಧಾರವಾಡಕ್ಕೆ ಹೋಗುವ ಬಸ್ಸಿನ ಡ್ರೈವರೊಬ್ಬರನ್ನು ಬೇಡಿಕೊಂಡೆ. ಪುಣ್ಯಾತ್ಮ ಮಾತು ಉಳಿಸಿಕೊಂಡರು. ಜೋಳದ ಚೀಲ ಹೊತ್ತು ದಾಟಲು ನಿಂತಿದ್ದ ಯಜಮಾನರೊಬ್ಬರನ್ನು ಕಂಡು ಬಸ್ಸು ನಿಲ್ಲಿಸಿಯೇ ಬಿಟ್ಟರು.

ಬಸ್ಸು ಕೆಟ್ಟಿತೆಂದು ನಾಲ್ಕು ಮಂದಿ ಇಳಿದು ಹಿಂದಿನಿಂದ ನೂಕತೊಡಗಿದರು. ಯಜಮಾನರು ದಾಟುವುದು ಬಿಟ್ಟು ಬಸ್ಸು ಹತ್ತಿದರು.

ಮಧ್ಯಾಹ್ನ ಮರಳಿ ಬಂದವರನ್ನು ತಡೆದು ಕೇಳಿದೆ. "ನೀವು ದಾಟೋರಿದ್ರೆಲ್ರೀ?"

"ಹೌದವಾ, ಎದರಿನ ಗಿರಣಿಗೆ ಹೊಂಟಿದ್ದೆ. ಆದ್ರ ಅಂವ ನನ್ನ ಸಲುವಾಗಿ ಅಷ್ಟು ದೊಡ್ಡ ಬಸ್ ನಿಂದ್ರಿಸ್ಯಾನ. ಹತ್ತಲಿಲ್ಲಂದ್ರ ಬ್ಯಾಸರ ಮಾಡ್ಕೊಳ್ಳಾಂಗಿಲ್ಲೇನು?"

ಚೀಲದ ಜೋಳವೂ ಹಿಟ್ಟಾಗದೆಯೇ ಧಾರವಾಡ ದಾರಿಯ ಸತ್ತೂರು ನೋಡಿಕೊಂಡು ಬಂದಿತ್ತು.

೩. ಸೋಮವಾರ

ಸಾಹೇಬರಿಗಿಂತ ಮೊದಲೇ ಹೋದೆ. ಸೈಕಲ್ ದಾರಿ ನಾನು ಬಳಿಸಿದ್ದಕ್ಕಿಂತ ಹೆಚ್ಚು ಕೆಂಪಾಗಿತ್ತು. ಅಜ್ಜಿಯೊಬ್ಬರು ಉದ್ದಕ್ಕೂ ಮೆಣಸಿನಕಾಯಿ ಹರವಿ, ಬಡಿಗೆ ಹಿಡಿದು ಕಾಯುತ್ತಿದ್ದರು.

"ಅಜ್ಜೀ, ಇದು ಸೈಕಲ್ ದಾರಿ."

"ಇದರ ಮ್ಯಾಲೆ ಬೈಕು, ಕಾರು ಬರಂಗಿಲ್ಲಂತ ಮೊನ್ನೆ ನೀನ ಹೇಳಿದೆಲ್ಲವಾ. ಅದಕ್ಕ ಹಾಕೇನಿ."

"ಲಗೂ ತಗೀರಿ, ಸಾಹೇಬ್ರು ಬರಾಕತ್ತಾರ."

"ಬರಲಿ. ಇನ್ನೂ ಹಸಿ ಅದಾವ."

ಅಷ್ಟರಲ್ಲಿ ಸಾಹೇಬರ ಜೀಪು ಬಂದು ಕೆಂಪು ದಾರಿಯತ್ತಲೇ ತಿರುಗಿತು. ಅಜ್ಜಿ ಬಡಿಗೆ ಎತ್ತಿದರು. ಜೀಪು ಗಕ್ಕನೆ ನಿಂತಿತು, ಹಿಂದೆ ಸರಿಯಿತು, ಬೀದಿಯ ಕೊನೆಗೆ ಹೋಗಿ ನಿಂತಿತು. ಸಾಹೇಬರು ಅಲ್ಲಿಂದ ಫುಟ್‌ಪಾತಿನ ಮೇಲೆ ನಡೆದು ಬರಬೇಕಾಯಿತು. ಬೆವರು ಒರೆಸುತ್ತ ಕಾಕಾನ ಕುರ್ಚಿಯಲ್ಲಿ ಕೂತರು. ನನ್ನ ಬೀದಿ ಹೋಯಿತೆಂದೇ ನಾನು ತಿಳಿದೆ.

ಸಾಹೇಬರು ಚಹಾ ಕುಡಿಯುತ್ತ ಬಹಳ ಹೊತ್ತು ನೋಡಿದರು. ಒಂದು ಬೈಕೂ ಕೆಂಪು ದಾರಿಗೆ ಹತ್ತಲಿಲ್ಲ. ಅಜ್ಜಿಯ ಹತ್ತಿರ ಬಂದೊಡನೆ ಎಲ್ಲ ಗಾಡಿಗಳೂ ಮೆಲ್ಲಗಾಗುತ್ತಿದ್ದವು, ಮಂದಿ ನಿಶ್ಚಿಂತೆಯಿಂದ ದಾಟುತ್ತಿದ್ದರು.

"ಬ್ಯಾರೆ ಕಡೆ ಕಂಬಾ ನೆಟ್ರೂ ನುಗ್ತಾರ" ಎಂದರು ಸಾಹೇಬರು. "ಇರ್ಲಿ ಬಿಡ್ರಿ, ಕೀಳೋದು ಬ್ಯಾಡ."

ನನಗೆ ಅಳುವೇ ಬಂತು. ಮೆಣಸಿನಕಾಯಿ ಘಾಟೆಂದು ಕಣ್ಣೊರೆಸಿಕೊಂಡೆ.

ಅಜ್ಜಿ ಎದ್ದು ಬಂದರು. "ಸಾಹೇಬ್ರ, ಬರೂ ವಾರ ಹಪ್ಪಳ ಒಣಗಸೋದೈತ್ರಿ. ಇಲ್ಲಿ ಜಾಗ ಸಾಲಂಗಿಲ್ಲ. ಆ ಬದೀಗೂ ಇಂಥಾದ್ದೊಂದು ಮಾಡಿಸ್ರಿ."

ಸಾಹೇಬರು ಒಮ್ಮೆ ಬಡಿಗೆ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು.

"ಬರಕೋರಿ. ಎರಡೂ ಬದಿ ಸೈಕಲ್ ದಾರಿ. ಸಾರ್ವಜನಿಕರ ಬೇಡಿಕೆ ಮೇರೆಗೆ."