ನೆಂಟಸ್ತನದ ತರ್ಜುಮೆ

ಗಂಡ-ಹೆಂಡಿರ, ಅಣ್ಣ-ತಮ್ಮಂದಿರ ಜಗಳ ಕೋರ್ಟಿಗೆ ಬರುವುದು ನಿಂತ ದಿನ ಆರಾಮಾಗಿ ಕೂತು ಬಿಸಿ ಚಹಾ ಕುಡಿಯಬೇಕು ಅಂದುಕೊಂಡಿದ್ದೆ. ಅವು ನಿಲ್ಲಲಿಲ್ಲ. ನನ್ನ ಚಹಾ ದಿನಾ ಆರಿತು.

ಅದು ನಿಜಾಮರ ಕಾಲ. ಲಿಂಗಸುಗೂರಿನ ಕೋರ್ಟಿನಲ್ಲಿ ಕಾರಭಾರವೆಲ್ಲ ಉರ್ದುವಿನಲ್ಲಿ, ಬರುವ ಜನರ ಬಾಯಲ್ಲಿ ಕನ್ನಡ. ಇವರದನ್ನು ಅವರಿಗೆ, ಅವರದನ್ನು ಇವರಿಗೆ ಹೇಳುವುದು ನನ್ನ ನೌಕರಿ. ಹೊಲದ ಬದುವಿನ ಕೇಸಾದರೆ ಹಗುರ; ಬದುವಿಗೆ ಎರಡೂ ಭಾಷೆಯಲ್ಲಿ ಒಂದೇ ಅರ್ಥ. ನೆಂಟಸ್ತನದ ಕೇಸು ಬಂತೆಂದರೆ ಮಧ್ಯಾಹ್ನದೊಳಗೆ ನನ್ನ ತಲೆ ಗಿರಣಿ ಆಗುತ್ತಿತ್ತು.

ಅಕ್ಕನ ಮಗಳು

ಹೊಸ ಮುನಸೀಫ ಸಾಹೇಬರು ಹೈದರಾಬಾದಿನಿಂದ ಬಂದ ವಾರ. ಮುದಗಲ್ ಕಡೆಯ ರೈತನೊಬ್ಬ ಸಾಕ್ಷಿಗೆ ನಿಂತಿದ್ದ. ಅವನ ಹೆಂಡತಿ ಯಾರ ಮಗಳು ಎಂದು ಸಾಹೇಬರು ಕೇಳಿದರು.

"ನಮ್ಮ ಅಕ್ಕನ ಮಗಳ್ರೀ."

ನಾನು ಹೇಳಿದೆ. ಸಾಹೇಬರು ಲೇಖಣಿ ಕೆಳಗಿಟ್ಟು, "ತರ್ಜುಮೆ ಸರಿಯಾಗಿ ಮಾಡು" ಎಂದರು.

"ಸರಿಯಾಗೇ ಮಾಡಿದ್ದೇನೆ, ಸಾಹೇಬ್. ಇಲ್ಲಿ ಸೋದರಮಾವನಿಗೇ ಮೊದಲ ಹಕ್ಕು."

"ತೋಬಾ! ನಮ್ಮಲ್ಲಿ ಮರ್ಯಾದೆಯಿಂದ ಚಿಕ್ಕಪ್ಪನ ಮಗಳನ್ನು ಮಾಡಿಕೊಳ್ಳುತ್ತಾರೆ. ನಮ್ಮ ಬೇಗಂ ನನ್ನ ಚಿಕ್ಕಪ್ಪನ ಮಗಳೇ."

ಸಾಕ್ಷಿ ನನ್ನ ಕಡೆ ಬಗ್ಗಿದ. "ಸಾಹೇಬ್ರು ಏನಂದ್ರು?"

ನೌಕರಿಯೇ ಅದು, ಹೇಳಿದೆ. ಅವನು ಎರಡೂ ಗಲ್ಲ ಬಡಿದುಕೊಂಡ. "ಶಿವಶಿವಾ! ಚಿಕ್ಕಪ್ಪನ ಮಗಳಂದ್ರ ತಂಗಿ ಅಲ್ಲೇನ್ರೀ?"

ಇಬ್ಬರೂ ಒಬ್ಬರನ್ನೊಬ್ಬರು ಅಯ್ಯೋ ಪಾಪ ಎಂಬಂತೆ ನೋಡಿದರು. ಆಮೇಲೆ ಇಬ್ಬರೂ ಸೇರಿ ನನ್ನನ್ನು ನೋಡಿದರು, ಎರಡೂ ಮದುವೆ ನಾನೇ ಕುದುರಿಸಿದವನು ಎಂಬಂತೆ.

ಕೊಂಬಿನ ಗಂಡ

ಮಸ್ಕಿಯ ಹೆಣ್ಣುಮಗಳೊಬ್ಬಳ ಗಂಡ ಎರಡನೆಯವಳನ್ನು ತಂದು ಇವಳನ್ನು ಹೊರಹಾಕಿದ್ದ. ಕಟಕಟೆಯಲ್ಲಿ ನಿಂತು ಅವನ ಜನ್ಮ ಜಾಲಾಡಿದಳು. ನನ್ನ ಗಂಟಲು ಒಣಗಿತು, ಅವಳದು ಒಣಗಲಿಲ್ಲ. ಗಂಡನ ಹೆಸರೇನು ಎಂದು ಕೇಳಿದ್ದೇ ತಡ, ಬಾಯಿಗೆ ಸೆರಗು.

"ಹೇಳಬಾರದ್ರೀ. ಆಯುಷ್ಯ ಕಮ್ಮಿ ಆಗ್ತದ."

"ಗುರುತಾದ್ರೂ ಹೇಳವ್ವ," ಎಂದೆ.

"ಈಶ್ವರನ ಗುಡಿ ಮುಂದ ಕುಂತಿರ್ತಾನಲ್ರೀ, ಅವನ ಹೆಸರು."

ಹೇಳಿದೆ. "ಪೂಜಾರಿಯೋ?" ಎಂದರು ಸಾಹೇಬರು.

"ಅಲ್ರೀ. ಎರಡು ಕೊಂಬು ಅದಾವ, ಬಾಲ ಐತಿ."

ಅದನ್ನೂ ಹೇಳಿದೆ. ಸಾಹೇಬರು ನನ್ನನ್ನೇ ದಿಟ್ಟಿಸಿದರು. ಬಸವಣ್ಣ ಎಂದರೆ ಏನು, ಹೆಂಡತಿ ಅದನ್ನು ಯಾಕೆ ಅನ್ನಬಾರದು ಎಂದು ತಿಳಿಸುವಷ್ಟರಲ್ಲಿ ನನ್ನ ಅಂಗಿ ಒದ್ದೆ.

ಜೀವನಾಂಶದ ಹುಕುಂ ಆಯಿತು. ಹೊರಗೆ ಬಂದಾಗ ತಡೆಯಲಾರದೆ ಕೇಳಿದೆ: "ಅಂಥವನ ಆಯುಷ್ಯ ಯಾಕ ಕಾಯ್ತೀಯವ್ವ?"

"ಅವ ಭಾಳ ದಿನ ಬದುಕಬೇಕ್ರೀ," ಎಂದಳು. "ಆ ಎರಡನೇಯಾಕಿ ಬಾಯಿ ಇನ್ನಾ ಭಾಳ ವರ್ಷ ಕೇಳಬೇಕಲ್ಲ!"

ಗೋಡೆಯ ಕಿಂಡಿ

ಸಿಂಧನೂರಿನಲ್ಲಿ ಅಣ್ಣತಮ್ಮಂದಿರಿಬ್ಬರು. ಅವರ ಹೆಂಡಿರೂ ಅಕ್ಕತಂಗಿಯರೇ. ಪಾಲಾಗಿ ಮನೆಯ ನಡುವೆ ಗೋಡೆ ಎದ್ದಿತ್ತು, ಮಾತು ನಿಂತಿತ್ತು. ಗೋಡೆ ಒಡೆದು ಕಿಂಡಿ ಮಾಡಿದವನು ತಮ್ಮ ಎಂದು ಅಣ್ಣನ ಫಿರ್ಯಾದಿ. ಅಣ್ಣನೇ ಮಾಡಿದ್ದು ಎಂದು ತಮ್ಮ. ಕಣ್ಣಾರೆ ನೋಡೋಣ ಎಂದರು ಸಾಹೇಬರು. ಬಸ್ಸಿನಲ್ಲಿ ಧೂಳು ಕುಡಿಯುತ್ತ ಹೋದೆವು.

ಅಣ್ಣನ ಅಡಿಗೆಮನೆ. ಒಲೆಯ ಪಕ್ಕ ಗೋಡೆಯಲ್ಲಿ ಕಿಂಡಿ, ಅದರ ಅಂಚಿಗೆ ಎಣ್ಣೆಯ ಜಿಡ್ಡು. ಅಣ್ಣ ಎದೆ ಸೆಟೆಸಿ ನಿಂತ.

"ಪಾಲಾದಾಗಿಂದ ಆ ಮನಿ ನೀರು ಸೈತ ಮುಟ್ಟಿಲ್ರೀ ನಾ!"

ನಾನು ಉರ್ದುವಿಗೆ ಬಾಯಿ ತೆರೆಯುವಷ್ಟರಲ್ಲಿ ಬಳೆ ತೊಟ್ಟ ಕೈಯೊಂದು ಪುಂಡಿಪಲ್ಯದ ಬಟ್ಟಲು ಹಿಡಿದು ಕಿಂಡಿಯಿಂದ ಈಚೆ ಬಂತು.

"ಅಕ್ಕಾ, ತಗೋ. ನಿನ್ನಿ ಖಾರ ಹೆಚ್ಚಾತು ಅಂತ ಭಾವ ಬೈದನಂತಲ್ಲ, ಇವತ್ತ ಕಮ್ಮಿ ಹಾಕೀನಿ."

ಅಣ್ಣ ಹೆಂಡತಿಯನ್ನು ನೋಡಿದ. ಅವಳು ಒಲೆ ನೋಡಿದಳು. ಬಾಗಿಲಲ್ಲಿ ನಿಂತಿದ್ದ ತಮ್ಮ, ಮೀಸೆಯೊಳಗೆ ನಗು ನುಂಗುತ್ತಿದ್ದ. ಬಟ್ಟಲು ಗಾಳಿಯಲ್ಲೇ ಕಾಯುತ್ತಿತ್ತು. ಕೊನೆಗೆ ಅಣ್ಣನೇ ಹೋಗಿ ಅದನ್ನು ಇಸಿದುಕೊಂಡ.

ನಾನು ತರ್ಜುಮೆ ಶುರುಮಾಡಿದೆ. ಸಾಹೇಬರು ಕೈಯೆತ್ತಿ, "ಬೇಡ, ತಿಳಿಯಿತು" ಎಂದರು. ನನ್ನ ನೌಕರಿಯಲ್ಲಿ ಅಂಥ ಸುಖ ಮತ್ತೆ ಸಿಗಲಿಲ್ಲ. "ಕಿಂಡಿ ಮುಚ್ಚಿಸಬೇಕೋ, ಅಷ್ಟು ಕೇಳು."

ಕೇಳಿದೆ. ಅಣ್ಣ ಬಟ್ಟಲು ನೋಡಿದ, ಕಿಂಡಿ ನೋಡಿದ, ಕೆಮ್ಮಿದ.

"ಮುಚ್ಚೂದು ಬ್ಯಾಡ್ರೀ ಸಾಹೇಬ್ರ. ಇನ್ನಷ್ಟು ಅಗಲ ಮಾಡಸ್ರೀ. ಅದರಾಗ ರೊಟ್ಟಿ ಹಾಯೂದಿಲ್ಲ."