ನಮ್ಮ ಮಾವನ ಗಾಲ್ಫ್ ತನಿಖೆ

ನಮ್ಮ ಸೋದರಮಾವನನ್ನು ದೇವರು ಪೊಲೀಸ್ ಇಲಾಖೆಗೆಂದೇ ಸೃಷ್ಟಿಸಿದ್ದ. ಎಲ್ಲೋ ಎಡವಟ್ಟಾಗಿ ಅವರು ಗಾಲ್ಫ್ ಮೈದಾನ ಸೇರಿಬಿಟ್ಟರು! ಹೊಳೆನರಸೀಪುರದ ಈ ಮನುಷ್ಯ ವರ್ಷಗಟ್ಟಲೆ ಮೈಸೂರಿನಲ್ಲಿ ದೊಡ್ಡ ದೊಡ್ಡವರಿಗೆ ಗಾಲ್ಫ್ ಹೇಳಿಕೊಟ್ಟು ನಿವೃತ್ತರಾಗಿ ಊರಿಗೆ ಮರಳಿದಾಗ, ಜೊತೆಗೆ ತಂದದ್ದು ಒಂದು ಚೀಲ ಹಳೆಯ ಕೋಲುಗಳು ಮತ್ತು ಒಂದು ಮೂಟೆ ಅನುಮಾನ. ಹಾಲಿನವನು ನಕ್ಕರೆ, "ಇವತ್ತು ನೀರು ಜಾಸ್ತಿ ಬೆರೆಸವ್ನೆ, ಅದ್ಕೇ ಅಲ್ಲು ಕಿರೀತಾವ್ನೆ" ಎನ್ನುತ್ತಾರೆ. ಬೇಸಿಗೆಯಲ್ಲಿ ಇಡೀ ದಿನ ಕರೆಂಟ್ ಹೋಗದಿದ್ದರೆ, ಅದರ ಹಿಂದೆಯೂ ಏನೋ ಮಸಲತ್ತಿದೆ ಎಂದು ಅವರಿಗೆ ಗುಮಾನಿ.

ಇಂಥವರ ಕೈಗೆ, ಹಾಸನದಲ್ಲಿ ಪೇಂಟ್ ಅಂಗಡಿ ಇಟ್ಟುಕೊಂಡು ತೆಪ್ಪಗಿದ್ದ ನಾನು ಸಿಕ್ಕಿಬಿದ್ದದ್ದು ಹೇಗೆ? ಚನ್ನರಾಯಪಟ್ಟಣದ ರಸ್ತೆಯಲ್ಲಿ ರೆಸಾರ್ಟ್ ಕಟ್ಟುತ್ತಿರುವ ಸಾಹುಕಾರರೊಬ್ಬರು ಗಾಲ್ಫ್ ಕಲಿಸುವವರನ್ನು ಹುಡುಕುತ್ತಿದ್ದರು. ಮಾವ ಹೋಗಿ ಕೇಳಿದಾಗ, "ಯಾರಾದ್ರೂ ಹೊಸಬರನ್ನ ತಯಾರು ಮಾಡಿ ತೋರ್ಸಿ, ಆಮೇಲೆ ಮಾತಾಡೋಣ" ಎಂದರಂತೆ. ಅಲ್ಲಿಂದ ನೆಟ್ಟಗೆ ನನ್ನ ಅಂಗಡಿಗೆ ಬಂದು ಪೇಂಟ್ ಡಬ್ಬದ ಮೇಲೆ ಕೂತರು.

"ಮನೇಲಿ ಟೀವಿ ನೋಡ್ಕಂಡು ಸಾಯಕಾಯ್ತದೇನ್ಲಾ? ಇನ್ನೊಂದ್ ದಪ ಉಲ್ಲಿನ್ ಮ್ಯಾಲೆ ನಿಂತ್ಕಂಡು ಪಾಠ ಯೋಳ್ಬೇಕು ಕಣ. ನೀನೇ ನನ್ ಶಿಷ್ಯ."

"ನಾನೇ ಯಾಕೆ ಮಾವ?"

"ನಿನ್ನಂಗೆ ಕೆಟ್ಟದಾಗಿ ಆಡೋನು ಜಿಲ್ಲೇಲೇ ಸಿಕ್ಕಕಿಲ್ಲ. ನಿನ್ನೇ ಸರಿ ಮಾಡುದ್ರೆ ಅವ್ರು ಕಮಕ್ ಕಿಮಕ್ ಅನ್ನಂಗಿಲ್ಲ!"

ಕೆಟ್ಟದಾಗಿ ಆಡುವುದಿರಲಿ, ನಾನು ಅದುವರೆಗೆ ಗಾಲ್ಫ್ ಕೋಲನ್ನೇ ಮುಟ್ಟಿರಲಿಲ್ಲ. ಆದರೂ ಒಪ್ಪಿಕೊಂಡೆ. ಜನ್ಮದಲ್ಲಿ ಯಾರ ಮುಂದೆಯೂ ಕೈಚಾಚದ ಮನುಷ್ಯ ಕೆಲಸ ಕೇಳಿಕೊಂಡು ಹೋಗಿದ್ದರಲ್ಲ, ಇಲ್ಲವೆನ್ನಲು ನನಗೆ ಮನಸ್ಸು ಬರಲಿಲ್ಲ.

ಹಾಸನದ ಹತ್ತಿರ ಮೊಸಳೆ ಎಂಬ ಹಳ್ಳಿಯಲ್ಲಿ ನಮ್ಮ ನೆಂಟರದೊಂದು ರಾಗಿ ಕೊಯ್ದು ಖಾಲಿ ಬಿಟ್ಟ ಹೊಲ. ಭಾನುವಾರ ಬೆಳಿಗ್ಗೆ ಅಲ್ಲಿ ಪಾಠ. ಮೊದಲ ಏಟಿಗೆ ಚೆಂಡು ಇದ್ದಲ್ಲೇ ಇತ್ತು, ಹೊಲವೇ ಎದ್ದು ಹೋಯಿತು! ಎರಡನೆಯ ಏಟಿಗೆ ಕೋಲು ಚೆಂಡಿನ ನೆತ್ತಿಯನ್ನಷ್ಟೇ ಸವರಿತು, ಅದು ಇಲಿಯಂತೆ ನೆಲದ ಮೇಲೆ ಓಡಿತು. ನನ್ನ ರೋಗ ಕುರಿ ಕಾಯುವವನಿಗೂ ಗೊತ್ತಾಗುವಂಥದ್ದು: ಕೋಲು ಚೆಂಡಿಗೆ ತಾಗುವ ಮೊದಲೇ ನನ್ನ ತಲೆ ಮೇಲೆದ್ದು ದೂರಕ್ಕೆ ನೋಡುತ್ತಿತ್ತು. ಬೇರೆ ಯಾವ ಗುರುವಾದರೂ "ತಲೆ ತಗ್ಗಿಸಪ್ಪ" ಎಂದು ಮುಗಿಸುತ್ತಿದ್ದರು. ನಮ್ಮ ಮಾವ ಬಿಟ್ಟಾರೆಯೇ?

"ತಲೆ ಬರೀ ಸಾಕ್ಷಿ ಕಣ್ಲಾ. ಕಳ್ಳ ಬ್ಯಾರೆ ಕಡೆ ಅವ್ನೆ. ಸಾಕ್ಷೀನ ಬಡುದ್ರೆ ಕಳ್ಳ ಸಿಕ್ತಾನಾ?"

ಶುರುವಾಯಿತು ತನಿಖೆ. ಮೊದಲ ಆರೋಪಿ ನನ್ನ ಶೂ. ಬರಿಗಾಲಲ್ಲಿ ಹೊಡೆಸಿದರು. ರಾಗಿ ಕೂಳೆ ಚುಚ್ಚಿ, ತಲೆಯ ಜೊತೆಗೆ ಕಾಲೂ ಮೇಲೆದ್ದಿತು. ಶೂ ನಿರಪರಾಧಿ ಎಂದು ಬಿಡುಗಡೆಯಾಯಿತು.

ಆಮೇಲೆ ನನ್ನ ಕಂಕುಳು. ಎರಡೂ ಕಂಕುಳಲ್ಲಿ ಒಂದೊಂದು ಟವೆಲ್ ಸಿಕ್ಕಿಸಿಕೊಂಡು, ಅದು ಬೀಳದ ಹಾಗೆ ತೋಳು ಬೀಸಬೇಕಂತೆ. ಅಂಗಡಿಯಲ್ಲೂ ಅಭ್ಯಾಸ ಮಾಡು ಎಂದು ಅಪ್ಪಣೆ. ಹಾಗೇ ಡಬ್ಬ ಇಳಿಸುತ್ತಿದ್ದಾಗ ಅರಕಲಗೂಡಿನ ಗಿರಾಕಿಯೊಬ್ಬ ಬಹಳ ಹೊತ್ತು ನೋಡಿ, "ಕುರು ಎದ್ದದಾ ಸಾ? ಬೇವಿನೆಲೆ ಅರ್ದು ಅಚ್ಚಿ" ಎಂದು ಔಷಧಿ ಹೇಳಿ ಹೋದ!

ಮೂರನೆಯ ಆರೋಪಿ ನನ್ನ ಹೆಂಡತಿ. ಮನಸ್ಸಲ್ಲಿ ನೆಮ್ಮದಿಯಿಲ್ಲದವನ ತಲೆ ನಿಲ್ಲುವುದಿಲ್ಲವೆಂದು ಮಾವನ ಸಿದ್ಧಾಂತ. ಹೊಲದಿಂದಲೇ ಅವಳಿಗೆ ಫೋನ್ ಮಾಡಿದರು. "ನಿಜ ಯೋಳವ್ವ, ರಾತ್ರಿ ಇಬ್ರೂ ಜಗಳ ಆಡಿದ್ರಾ?"

"ಜಗಳ ಆಡಿದ್ರೆ ಅವರು ತಲೆ ಎತ್ತೋದೇ ಇಲ್ಲ ಮಾವ, ತಗ್ಗಿಸ್ಕೊಂಡೇ ಇರ್ತಾರೆ!"

ಕೊನೆಗೆ ಅನುಮಾನ ನನ್ನ ಬಾಲ್ಯಕ್ಕೇ ತಿರುಗಿತು. ಚಿನ್ನಿದಾಂಡು ಆಡುವವನು ಹೊಡೆದ ಕೂಡಲೇ, ಎದುರಿನವರು ಚಿನ್ನಿ ಹಿಡಿದಾರೇನೋ ಎಂದು ತಲೆಯೆತ್ತಿ ನೋಡಬೇಕಲ್ಲ, ಆ ಚಾಳಿಯೇ ಇದು ಎಂದು. ಪರೀಕ್ಷೆಗಾಗಿ ಮೊಸಳೆಯವರ ಎದುರು, ಬೊಜ್ಜು ಬಂದ ನನ್ನ ಕೈಲಿ ಚಿನ್ನಿದಾಂಡು ಆಡಿಸಿದರು. ಚಿನ್ನಿ ಬೇಲಿ ದಾಟಿತು, ಊರವರು ಶಿಳ್ಳೆ ಹೊಡೆದರು. ಮಾವ ಮಾತ್ರ, "ಇಷ್ಟ್ ಚೆನ್ನಾಗ್ ಒಡೀತಾನಲ್ಲ, ಇದ್ರಾಗೇ ಏನೋ ಅದೆ" ಎಂದು ಗೊಣಗಿದರು.

ಇದೆಲ್ಲ ಹೋಗಲಿ. ನನಗೆ ಮೈ ಉರಿಯುತ್ತಿದ್ದುದು ಇನ್ನೊಂದಕ್ಕೆ. ಪ್ರತಿ ಏಟಿಗೂ, "ಎತ್ತಗೋಯ್ತು?" ಎಂದು ನನ್ನನ್ನೇ ಕೇಳುವರು. ಬಲಕ್ಕೆ ಹೋಯಿತೆಂದರೆ "ದಿಟವಾ?" ಗೊತ್ತಾಗಲಿಲ್ಲ ಎಂದರೆ, "ಕಣ್ ಎಲ್ಲಿಟ್ಟಿದ್ದೆ?" ಎಂದು ಗದರಿಕೆ. ನಾನು ಸುಳ್ಳು ಹೇಳುತ್ತೇನೋ ಎಂದು ಪರೀಕ್ಷಿಸುತ್ತಿದ್ದಾರೆ, ನನ್ನ ಮೇಲೂ ಇವರಿಗೆ ನಂಬಿಕೆಯಿಲ್ಲ ಎಂದುಕೊಂಡು, ಹಟಕ್ಕೆ ಬಿದ್ದು ಇನ್ನೂ ಬೇಗ ನೋಡತೊಡಗಿದೆ.

ಪರೀಕ್ಷೆಯ ದಿನ ಸಾಹುಕಾರರು ಮೊಸಳೆಗೇ ಕಾರಿನಲ್ಲಿ ಬಂದರು. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮದುವೆ ಗಂಡಿನ ಹಾಗೆ ನಿಂತಿದ್ದರು. ನಾನು ಬೀಸಿದೆ. ತಲೆ ಎದ್ದಿತು. ಚೆಂಡು ನಾಲ್ಕು ಮಾರು ಉರುಳಿ ಎದುರಿಗೇ ನಿಂತಿತು.

"ಎತ್ತಗೋಯ್ತು?" ಎಂದರು ಮಾವ. ಹುಬ್ಬಿಗೆ ಕೈ ಅಡ್ಡ ಹಿಡಿದು, ದೂರದ ಬೇಲಿಯ ಕಡೆ ನೋಡುತ್ತಿದ್ದರು.

ನಾನು ಹತ್ತಿರ ಹೋಗಿ ಪಿಸುಗುಟ್ಟಿದೆ: "ಇಲ್ಲೇ ಇದೆ ಮಾವ... ಮುಂದೇನೇ."

ಮಾವನ ಕೈ ಮೆಲ್ಲಗೆ ಕೆಳಗಿಳಿಯಿತು. ಸಾಹುಕಾರರಿಗೆ ಏನೂ ಗೊತ್ತಾಗಿರಲಿಲ್ಲ. "ಶಿಷ್ಯನೇ ಸರಿಯಿಲ್ಲ ಬಿಡಿ ಯಜಮಾನ್ರೇ. ಇನ್ನೊಬ್ರನ್ನ ತಯಾರು ಮಾಡಿ, ಕೆಲ್ಸ ಎಲ್ಲೂ ಹೋಗಲ್ಲ" ಎಂದರು.

ಮಾವ ಹೂಂ ಎಂದಿದ್ದರೆ ಸಾಕಿತ್ತು. ನಾನೂ ಅದನ್ನೇ ಬೇಡಿಕೊಳ್ಳುತ್ತಿದ್ದೆ.

"ಇವನ್ದೇನೂ ತಪ್ಪಿಲ್ಲ ಸಾ. ನಂಗೆ ದೂರದ್ದು ಕಾಣಕಿಲ್ಲ. ವಾಸಿಯಾಗಕಿಲ್ಲ ಅಂದವ್ರೆ ಡಾಕ್ಟ್ರು. ಮನೇಲೂ ಯೋಳಿಲ್ಲ. ಬಾಲು ಎತ್ತಗೋಯ್ತು ಅಂತ ಇವನ್ನೇ ಕೇಳ್ತಿದ್ದೆ. ನಂಗೆ ಯೋಳ್ಬೇಕಲ್ಲ ಅಂತ ಪಾಪ ಇವ್ನು ಮೊದ್ಲೇ ತಲೆ ಎತ್ತಾನೆ. ನಾನ್ ಉಡುಕ್ತಿದ್ದ ಕಳ್ಳ ನಾನೇಯ. ಇಲ್ಲೇ ಇದ್ರೂ ಇವತ್ ಸಿಕ್ಕುದ."

ನನಗೆ ಅಳು ತಡೆಯಲಾಗಲಿಲ್ಲ. ಮಾವ ನನ್ನ ಕಡೆ ತಿರುಗಿ, "ಬಾಲ್ ಮಡಗು. ಈ ಸಲ ನಂಗೇನೂ ಯೋಳ್ಬ್ಯಾಡ" ಎಂದರು.

ಬೀಸಿದೆ. ಟಕ್ ಎಂದಿತು. ನನ್ನ ತಲೆ ಏಳಲೇ ಇಲ್ಲ. ಸಾಹುಕಾರರು "ಆಹಾ!" ಎಂದಾಗಲೇ ನೋಡಿದ್ದು: ಚೆಂಡು ಬೇಲಿಯ ಪಕ್ಕದ ಹೊಂಗೆಮರ ದಾಟಿ ಹೋಗುತ್ತಿತ್ತು. ಅವರು ಮಾವನಿಗೆ ಕೈಮುಗಿದು, ತಿಳಿಸ್ತೀನಿ ಎಂದು ಕಾರು ಹತ್ತಿದರು. ತಿಳಿಸುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ಹೊಂಗೆಮರದ ಮೇಲೆ ನೆಟ್ಟಗೆ ಹೋಯ್ತು ಮಾವ" ಎಂದೆ.

"ನೀನ್ ಯೋಳುದ್ ಮ್ಯಾಲೆ ಓಗಿರ್ತದೆ ಬುಡು."

ಅವರ ಕೈ ಹಿಡಿದುಕೊಂಡು ಕೂಳೆಗಳ ನಡುವೆ ರಸ್ತೆಯ ಕಡೆ ನಡೆದೆ. ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೀಯ ಎಂದು ನಮ್ಮ ಮಾವ ಕೇಳಲಿಲ್ಲ.